ಹಬ್ಬಕ್ಕೆ ಬಿಡುಗಡೆಯಂತೆ! ಯಾರ ಹಬ್ಬಕ್ಕೆ ಸ್ವಾಮಿ?

ಕೋಪದಲ್ಲಿದ್ದೇನೆ. ಬರಹ ಉದ್ದ ಆಗುತ್ತದೆ. ಪುರಸೊತ್ತಿಲ್ಲದವರು ಸುಮ್ನೆ ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಕಳೆದ ಶುಕ್ರವಾರ, ಅಂದರೆ 2025ರ ಡಿಸೆಂಬರ್ 19ಕ್ಕೆ, ಒಂದು ಸಣ್ಣ ಕನ್ನಡ ಸಿನಿಮಾ ಬಂದಿತ್ತು. ಹೆಸರು ಹೇಳುವುದಿಲ್ಲ. ಆ ಹುಡುಗರು ಈಗಾಗಲೇ ಸಾಕಷ್ಟು ನೊಂದಿರುತ್ತಾರೆ. ನಮ್ಮ ಆಫೀಸಿನವರು ನೋಡಿಕೊಂಡು ಬಂದು "ಮಿಸ್ ಮಾಡ್ಬೇಡಿ" ಎಂದಿದ್ದರು. ನಿನ್ನೆ ಕ್ರಿಸ್‌ಮಸ್ ರಜೆ. ಮಗಳಿಗೆ ರಜೆ, ನಮ್ಮನೆಯವರಿಗೆ ರಜೆ, ನನಗೂ ರಜೆ. ಮಧ್ಯಾಹ್ನ ಊಟ ಮುಗಿಸಿ ಮ್ಯಾಟಿನಿಗೆ ಹೋಗೋಣ ಅಂತ ಆ್ಯಪ್ ತೆಗೆದರೆ ನಮ್ಮ ಕಡೆ ಒಂದೂ ಶೋ ಇಲ್ಲ. ಹುಡುಕಿ ಹುಡುಕಿ ಸಿಕ್ಕಿದ್ದು ಒಂದು, ವೈಟ್‌ಫೀಲ್ಡ್ ಕಡೆ, ರಾತ್ರಿ 10.35ಕ್ಕೆ. ನಾವಿರುವುದು ವಿಜಯನಗರ. ನೇರಳೆ ಮೆಟ್ರೋ ಹತ್ತಿದರೆ ನೇರ ಹೋಗಿ ಇಳಿಯಬಹುದು, ಅದೇನೋ ಸರಿ. ಸಿನಿಮಾ ಬಿಡುವುದು ರಾತ್ರಿ ಒಂದು ಗಂಟೆಗೆ. ಆಗ ಯಾವ ಮೆಟ್ರೋ ಕಾಯುತ್ತಿರುತ್ತದೆ?

ವಾರ ಕೂಡ ತುಂಬಿಲ್ಲ. ಎತ್ತಂಗಡಿ!

ಆದರೂ ಹಟಕ್ಕೆ ಬಿದ್ದು ಮನೆ ಹತ್ತಿರದ ಮಲ್ಟಿಪ್ಲೆಕ್ಸ್‌ಗೆ ಹೋಗಿ ಕೌಂಟರ್‌ನಲ್ಲಿ ಕೇಳಿದೆ. ಅಲ್ಲಿದ್ದ ಹುಡುಗ ಪಾಪ ತುಂಬ ಮರ್ಯಾದೆಯಿಂದ, "ಮೇಡಂ, ಫೆಸ್ಟಿವಲ್ ರಿಲೀಸ್ ಇದೆಯಲ್ಲ, ಶೋ ಎಲ್ಲಾ ಅದಕ್ಕೇ ಹೋಗಿದೆ" ಎಂದ.

"ಯಾವುದಕ್ಕಪ್ಪಾ?"

"ಎರಡಕ್ಕೂ ಮೇಡಂ."

ಹೌದಲ್ಲ! ಎರಡು. '45' ಮತ್ತು 'ಮಾರ್ಕ್', ಎರಡೂ ಡಿಸೆಂಬರ್ 25ಕ್ಕೇ. ಒಂದರಲ್ಲಿ ಶಿವಣ್ಣ, ಉಪ್ಪಿ, ರಾಜ್ ಬಿ. ಶೆಟ್ಟಿ. ಇನ್ನೊಂದರಲ್ಲಿ ಸುದೀಪ್. ಎರಡು ವಾರದ ಹಿಂದೆ, 11ಕ್ಕೆ, ದರ್ಶನ್ ಅವರ 'ದಿ ಡೆವಿಲ್' ಬಂದಿತ್ತು. 19ಕ್ಕೆ 'ಅವತಾರ್' ಮೂರನೇ ಭಾಗ ಬಂದು ದೊಡ್ಡ ದೊಡ್ಡ ಪರದೆಗಳಲ್ಲಿ ಕೂತಿತ್ತು. 5ಕ್ಕೆ ಬಂದ 'ಧುರಂಧರ್' ಇನ್ನೂ ಏಳುವ ಲಕ್ಷಣವೇ ಇಲ್ಲ. ಇಷ್ಟರ ನಡುವೆ ನಮ್ಮವರೇ ಇಬ್ಬರು ದೊಡ್ಡವರು ಒಂದೇ ದಿನ ಎದುರುಬದುರು ನಿಂತಿದ್ದಾರೆ. ವರ್ಷದಲ್ಲಿ 52 ಶುಕ್ರವಾರ ಇವೆ ಎಂಬುದನ್ನು ಗಾಂಧಿನಗರದ ಸಿನಿಮಾ ಮಂದಿಗೆ ಯಾರಾದರೂ ಹೇಳಬಾರದೇ? ಕ್ಯಾಲೆಂಡರ್ ಇಲ್ಲದಿದ್ದರೆ ನಮ್ಮ ಸೊಸೈಟಿಯವರು ಪ್ರತಿ ವರ್ಷ ಪುಕ್ಕಟೆ ಕೊಡುತ್ತಾರೆ, ಕಳಿಸಿಕೊಡುತ್ತೇನೆ.

ನನ್ನ ತಕರಾರು ಆ ಎರಡು ಸಿನಿಮಾಗಳ ಮೇಲಲ್ಲ. ಎರಡನ್ನೂ ನೋಡುವವಳೇ. ನಾನು ಎಂಥ ಸಿನಿಮಾ ಹುಚ್ಚಿ ಅಂತ ನಿಮಗೆಲ್ಲ ಗೊತ್ತಿದೆ. ಅಪ್ಪ ತಿಪಟೂರಿನ ಥಿಯೇಟರ್‌ನಲ್ಲಿ ಬುಕಿಂಗ್ ಕೌಂಟರ್‌ನಲ್ಲಿ ಕೂರುತ್ತಿದ್ದವರು ಅನ್ನುವ ಕಥೆಯನ್ನು ಇಲ್ಲಿ ಬರೆದು ಬರೆದು ನಿಮ್ಮ ತಲೆ ತಿಂದಿದ್ದೇನೆ. ನನ್ನ ತಕರಾರು ಆ ತಾರೀಖಿನ ಮೇಲೆ. ಹಬ್ಬ ಬಂತು ಅಂದರೆ ಸಿನಿಮಾ ಬಿಡಬೇಕು, ರಜೆ ಇದೆ ಅಂದರೆ ಜನ ಬಂದೇ ಬರುತ್ತಾರೆ ಅನ್ನುವ ಈ ಮೂಢನಂಬಿಕೆ ಇದೆಯಲ್ಲ, ಅದರ ಮೇಲೆ.

ಯಾರು ಬರುತ್ತಾರೆ ಸ್ವಾಮಿ? ಹಬ್ಬದ ದಿನ ಮನೆಯಲ್ಲಿ ಏನು ನಡೆಯುತ್ತದೆ ಅಂತ ಈ ನಿರ್ಮಾಪಕರಲ್ಲಿ ಯಾರಾದರೂ ನೋಡಿದ್ದಾರಾ? ಅಥವಾ ಬೆಳಿಗ್ಗೆ ಎದ್ದು ಹೋಳಿಗೆ ತಾನಾಗಿಯೇ ತಟ್ಟೆಗೆ ಬಂದು ಬೀಳುತ್ತದೆ ಅಂದುಕೊಂಡಿದ್ದಾರಾ?

ವರಮಹಾಲಕ್ಷ್ಮಿಯನ್ನೇ ತೆಗೆದುಕೊಳ್ಳಿ. ಹಿಂದಿನ ದಿನವೇ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರದ ರೇಟು ಕೇಳಿ ಎದೆ ಹೊಡೆದುಕೊಂಡಿರುತ್ತದೆ. ರಾತ್ರಿ ಹನ್ನೊಂದರವರೆಗೆ ಕಳಶಕ್ಕೆ ಸೀರೆ ಉಡಿಸುವ ಕೆಲಸ. ನೆರಿಗೆ ನಿಲ್ಲುವುದಿಲ್ಲ, ಪಿನ್ನು ಸಿಗುವುದಿಲ್ಲ, "ಇನ್ನೂ ಮುಗಿದಿಲ್ವಾ?" ಅಂತ ಸೋಫಾದಿಂದ ಒಂದು ಧ್ವನಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ಪೂಜೆ, ನೈವೇದ್ಯ, ಅಡುಗೆ. ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಪಾತ್ರೆ ಬೆಟ್ಟ. ಸಂಜೆಯಾದರೆ ಅರಿಶಿನ ಕುಂಕುಮಕ್ಕೆ ಬರುವವರು. ಕೊನೆಯ ಮುತ್ತೈದೆ ಹೊರಟಾಗ ರಾತ್ರಿ ಒಂಬತ್ತೂವರೆ. ಆಮೇಲೆ ನಾನು ಸೆಕೆಂಡ್ ಶೋಗೆ ಹೋಗಬೇಕಾ? 'ಕುಟುಂಬ ಸಮೇತ ನೋಡಿ' ಅಂತ ಪೋಸ್ಟರ್ ಬೇರೆ.

ಯುಗಾದಿಗೆ ಎಣ್ಣೆ ಸ್ನಾನ, ಒಬ್ಬಟ್ಟು. ಮರುದಿನ ವರ್ಷತೊಡಕು. ನಮ್ಮ ಕಡೆ ಅವತ್ತು ಬೆಳಿಗ್ಗೆ ಮಟನ್ ಅಂಗಡಿ ಮುಂದೆ ಇರುವ ಕ್ಯೂ ಯಾವ ಸ್ಟಾರ್ ಸಿನಿಮಾಕ್ಕೂ ಇರುವುದಿಲ್ಲ. ಗಂಡಸರು ಊಟ ಮಾಡಿ ಇಸ್ಪೀಟು ಹಾಕಿಕೊಂಡು ಕೂರುತ್ತಾರೆ. ಆಯುಧ ಪೂಜೆಗೆ ಗಾಡಿ ತೊಳೆ, ಬೂದುಗುಂಬಳ ಒಡೆ, ಅಂಗಡಿ ಅಂಗಡಿಯಿಂದ ಬಂದ ಕಡ್ಲೆಪುರಿ ಪೊಟ್ಟಣ ಎಲ್ಲಿಡಬೇಕೋ ತಿಳಿಯದೆ ಒದ್ದಾಡು. ಹಬ್ಬ ಅಂದರೆ ಗಂಡಸರಿಗೂ ಮಕ್ಕಳಿಗೂ ರಜೆ, ನಮಗೆ ಓವರ್‌ಟೈಮ್. ಯಾವ ಸಿನಿಮಾಕ್ಕೆ ಹೋಗಬೇಕು, ಹೋಗಬೇಕೋ ಬೇಡವೋ ಅಂತ ಮನೆಮನೆಯಲ್ಲಿ ತೀರ್ಮಾನ ಮಾಡುವವಳು ಹೆಂಗಸು. ಅವಳನ್ನೇ ಒಲೆ ಮುಂದೆ ನಿಲ್ಲಿಸಿದ ದಿನ ನೋಡಿಕೊಂಡು ಸಿನಿಮಾ ಬಿಡುತ್ತಾರೆ. ಬುದ್ಧಿವಂತರಪ್ಪಾ!

ನಿಜ ಹೇಳಬೇಕೆಂದರೆ ನನ್ನಂಥವಳಿಗೆ ರಜೆ ಅಂದರೆ ಆಗಸ್ಟ್ 15, ಅಕ್ಟೋಬರ್ 2, ಡಿಸೆಂಬರ್ 25. ಮಡಿಯಿಲ್ಲ, ಹೋಳಿಗೆಯಿಲ್ಲ, ಬೆಳಿಗ್ಗೆ ಉಪ್ಪಿಟ್ಟು ಕೆದಕಿದರೆ ಮುಗಿಯಿತು. ಅಂಥ ಒಂದು ದಿನ ಸಿಕ್ಕಿತ್ತು ನಿನ್ನೆ. ಅದನ್ನೂ ಹೀಗೆ ಹಾಳು ಮಾಡಿದರು.

ಇನ್ನು ಬೆಂಗಳೂರು. ದಸರಾ, ದೀಪಾವಳಿ ಬಂದರೆ ಈ ಊರಿನಲ್ಲಿ ಯಾರಿರುತ್ತಾರೆ? ಮೆಜೆಸ್ಟಿಕ್‌ನಲ್ಲಿ ಹಬ್ಬದ ಹಿಂದಿನ ರಾತ್ರಿ ಒಮ್ಮೆ ನಿಂತು ನೋಡಿ. 2024ರ ದಸರೆಗೆ ಕೆಎಸ್‌ಆರ್‌ಟಿಸಿ ಮಾಮೂಲಿ ಬಸ್ಸುಗಳಲ್ಲದೆ 2,000 ಹೆಚ್ಚುವರಿ ಬಸ್ಸು ಬಿಟ್ಟಿತ್ತು. ಕನ್ನಡ ಸಿನಿಮಾ ನೋಡುವ ಜನವೇ ಹಾಸನ, ಮಂಡ್ಯ, ಶಿವಮೊಗ್ಗ, ದಾವಣಗೆರೆ ಬಸ್ಸಿಗೆ ನೇತಾಡಿಕೊಂಡು ಹೋಗುವುದು. ಮಲ್ಟಿಪ್ಲೆಕ್ಸ್‌ಗಳೆಲ್ಲ ಇಲ್ಲಿ, ಪ್ರೇಕ್ಷಕ ಅಲ್ಲಿ. ಹಾಗಾದರೆ ಊರಿನಲ್ಲಿ ನೋಡಲಿ ಅನ್ನುತ್ತೀರಾ? ಊರಿನಲ್ಲಿ ಥಿಯೇಟರ್ ಎಲ್ಲಿ ಉಳಿದಿವೆ? ಮೈಸೂರಿನಂಥ ಮೈಸೂರಿನಲ್ಲೇ ಶಾಂತಲಾ ಮುಚ್ಚಿತು. ಬೆಂಗಳೂರಿನಲ್ಲಿ ಕಪಾಲಿ ಹೋಯಿತು, ಕಾವೇರಿ ಹೋಯಿತು. ಸಣ್ಣ ಊರುಗಳಲ್ಲಿ ಕಲ್ಯಾಣ ಮಂಟಪವಾದವು ಎಷ್ಟೋ, ಗೋಡೌನ್ ಆದವು ಎಷ್ಟೋ.

ಅಪ್ಪ ಇದ್ದಾಗ ಒಂದು ಮಾತು ಹೇಳುತ್ತಿದ್ದರು: "ಹಬ್ಬಕ್ಕೆ ಥಿಯೇಟರ್ ತುಂಬೋದು ದೊಡ್ಡ ವಿಷ್ಯ ಅಲ್ಲ ಕಣಮ್ಮ, ಹಬ್ಬ ಆದ್ಮೇಲೆ ಬರೋ ಸೋಮವಾರ ನೋಡ್ಬೇಕು." ಆಗ ಬೆಂಗಳೂರಿನಲ್ಲಿ ಓಡಿ ಸವೆದ ಪ್ರಿಂಟು ನಮ್ಮೂರಿಗೆ ಬರುತ್ತಿತ್ತು. ದೀಪಾವಳಿಗೆ ಹೊಸ ಸಿನಿಮಾನೇ ಬೇಕು ಅಂತ ಯಾರೂ ಕೇಳುತ್ತಿರಲಿಲ್ಲ. ಅಣ್ಣಾವ್ರ ಹಳೇ ಚಿತ್ರ ಹಾಕಿದರೂ ಫಸ್ಟ್ ಶೋಗೆ ಹೌಸ್‌ಫುಲ್ ಬೋರ್ಡು ತೂಗುತ್ತಿತ್ತು. ಹಬ್ಬದ ಜನ ಹಬ್ಬಕ್ಕೆ ಬರುತ್ತಿದ್ದರು, ಯಾವ ಸಿನಿಮಾ ಇದ್ದರೂ ಬರುತ್ತಿದ್ದರು. ಆ ದಿನ ಥಿಯೇಟರ್‌ನವನಿಗೆ ಲಾಭ, ಅದು ಬೇರೆ ಮಾತು. ಒಂದು ಹೊಸ ಸಿನಿಮಾದ ಹಣೆಬರಹವನ್ನೇ ಆ ದಿನಕ್ಕೆ ಕಟ್ಟಿಹಾಕುವುದು ಯಾವ ಲೆಕ್ಕ?

ಇದನ್ನು ನಿನ್ನೆ ಮನೆಯಲ್ಲಿ ಹೇಳಿದ್ದಕ್ಕೆ ನಮ್ಮನೆಯವರು ಪೇಪರ್ ಮಡಿಚಿಟ್ಟು ಭಾಷಣ ಶುರು ಮಾಡಿದರು. (ಇವರು ಸಿನಿಮಾ ನೋಡುವುದಿಲ್ಲ, ಕಲೆಕ್ಷನ್ ಮಾತ್ರ ನೋಡುತ್ತಾರೆ.) "ಕೆಜಿಎಫ್ ಕ್ರಿಸ್‌ಮಸ್‌ಗೆ ಬಂತು, ಕಾಂತಾರ ದಸರಾಗೆ ಬಂತು, ಕಾಂತಾರ ಚಾಪ್ಟರ್ 1 ಕೂಡ ದಸರಾಗೇ ಬಂತು. ಇನ್ನೇನು ಬೇಕು ನಿನಗೆ?"

ಸರಿ, ಒಂದೊಂದಾಗಿ ನೋಡೋಣ. ಕೆಜಿಎಫ್ ಮೊದಲ ಭಾಗ ಬಂದದ್ದು 2018ರ ಡಿಸೆಂಬರ್ 21. ಅದೇ ದಿನ ಬಂದ ಇನ್ನೊಂದು ಸಿನಿಮಾ ಯಾವುದು ಹೇಳಿ? ಶಾರುಖ್ ಖಾನ್ ಅವರ 'ಝೀರೋ'. ಅದೇ ಕ್ರಿಸ್‌ಮಸ್, ಅದೇ ರಜೆ, ಅದೇ ಶುಕ್ರವಾರ. ನಮ್ಮದಕ್ಕಿಂತ ಎಷ್ಟೋ ಪಾಲು ದೊಡ್ಡ ಹೆಸರು. ರಜೆಯೇ ಜನರನ್ನು ತರುವುದಾದರೆ ಅದು ಯಾಕೆ ಮಲಗಿತು? ಇವರ ಹತ್ತಿರ ಉತ್ತರವಿಲ್ಲ. ಕಾಫಿ ಕೇಳಿದರು.

ಕಾಂತಾರ 2022ರ ಸೆಪ್ಟೆಂಬರ್ 30ಕ್ಕೆ ಬಂತು, ಹೌದು, ಮುಂದಿನ ವಾರ ದಸರಾ ಇತ್ತು, ಹೌದು. ಆದರೆ ಅದೇ ದಿನ ಮಣಿರತ್ನಂ ಅವರ 'ಪೊನ್ನಿಯಿನ್ ಸೆಲ್ವನ್' ಮತ್ತು ಹಿಂದಿಯ 'ವಿಕ್ರಮ್ ವೇದ' ಕೂಡ ಬಂದವು. ಕಾಂತಾರ ಆಗ ಬರೀ ಕನ್ನಡದಲ್ಲಿತ್ತು. ಜನ ನೋಡಿ, ಮಾತಾಡಿ, ಜಗಳಾಡಿ, ಇನ್ನೊಮ್ಮೆ ನೋಡಿದ ಮೇಲೆ ಅಕ್ಟೋಬರ್ 14ಕ್ಕೆ ಹಿಂದಿ, ಮರುದಿನ ತೆಲುಗು ಬಂತು. ದಸರಾ ಮುಗಿದು ಜಂಬೂಸವಾರಿ ಆನೆಗಳು ಕಾಡಿಗೆ ವಾಪಸ್ ಹೋದ ಮೇಲೂ ಸಿನಿಮಾ ಓಡುತ್ತಲೇ ಇತ್ತು. ನಮ್ಮ ಬೀದಿಯ ಕೊನೆ ಮನೆ ಅಜ್ಜಿ ಥಿಯೇಟರ್ ಮೆಟ್ಟಿಲು ಹತ್ತಿ ಯಾವ ಕಾಲವಾಗಿತ್ತೋ. ದೀಪಾವಳಿ ಹತ್ತಿರ ಬಂದಾಗ ಕೋಲು ಊರಿಕೊಂಡು ಹೋಗಿ ನೋಡಿ ಬಂದರು. ಅವರನ್ನು ಕರೆಸಿದ್ದು ರಜೆಯಲ್ಲ. ದೇವಸ್ಥಾನದ ಕಟ್ಟೆ ಮೇಲೆ ನಡೆದ ಮಾತು.

ಚಾಪ್ಟರ್ 1 ಕಥೆ ಬೇರೆ, ಒಪ್ಪುತ್ತೇನೆ. 2025ರ ಅಕ್ಟೋಬರ್ 2, ಗಾಂಧಿ ಜಯಂತಿ, ವಿಜಯದಶಮಿ ಒಂದೇ ದಿನ. ಆದರೆ ಅದಕ್ಕೆ ಮೂರು ವರ್ಷದಿಂದ ಜನ ಕಾದಿದ್ದರು. ಅದು ಹಬ್ಬದ ದಿನ ಬರದೆ ಅಮಾವಾಸ್ಯೆ ದಿನ ಬಂದಿದ್ದರೂ ಬೆಳಗಿನ ಶೋ ತುಂಬುತ್ತಿತ್ತು. ಅಂಥ ಸಿನಿಮಾವನ್ನು ಮುಂದಿಟ್ಟುಕೊಂಡು ಬೇರೆಯವರಿಗೆಲ್ಲ ನಿಯಮ ಮಾಡುವುದು ಬೇಡ.

ಈಗ ನನ್ನ ಲೆಕ್ಕ ಕೇಳಿ. 'ಸು ಫ್ರಮ್ ಸೋ' ಬಂದದ್ದು 2025ರ ಜುಲೈ 25. ಯಾವ ಹಬ್ಬ? ಆಷಾಢ ಮುಗಿದ ಮರುದಿನ. ಭೀಮನ ಅಮಾವಾಸ್ಯೆ ಹಿಂದಿನ ದಿನವೇ ಮುಗಿದಿತ್ತು. ಕಟೌಟ್ ಇಲ್ಲ, ಹಾಲಿನ ಅಭಿಷೇಕ ಇಲ್ಲ. ನೋಡಿದವರು ನಗುನಗುತ್ತಾ ಹೇಳಿದರು, ಕೇಳಿದವರು ಹೋದರು. ಶೋಗಳು ದಿನದಿಂದ ದಿನಕ್ಕೆ ಹೆಚ್ಚಾದವು. 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಬಂದದ್ದು 2023ರ ಜುಲೈ 21. ಅಧಿಕ ಮಾಸ! ನಮ್ಮತ್ತೆ ಆ ತಿಂಗಳು ಹೊಸ ಪೊರಕೆ ಕೂಡ ತರುವುದಿಲ್ಲ. ಅದೇ ದಿನ 'ಬಾರ್ಬಿ', 'ಓಪನ್‌ಹೈಮರ್' ಎರಡೂ ಬಂದಿದ್ದವು. ಆದರೂ ಹುಡುಗರ ಸಿನಿಮಾ ಗಟ್ಟಿಯಾಗಿ ನಿಂತು ಓಡಿತು. 'ಒಂದು ಮೊಟ್ಟೆಯ ಕಥೆ' 2017ರ ಜುಲೈ 7ಕ್ಕೆ, ಅದೂ ಆಷಾಢ. '777 ಚಾರ್ಲಿ' 2022ರ ಜೂನ್ 10ಕ್ಕೆ, ಶಾಲೆ ಶುರುವಾಗಿ, ಪುಸ್ತಕಕ್ಕೆ ಬೈಂಡು ಹಾಕುತ್ತಾ ಕೂತಿರುವ ಹೊತ್ತಿಗೆ. ಜನ ಬಂದರು ತಾನೇ?

'ಮುಂಗಾರು ಮಳೆ'ಯನ್ನು ಹೇಗೆ ಬಿಡಲಿ? 2006ರ ಡಿಸೆಂಬರ್ 29. ಕ್ರಿಸ್‌ಮಸ್ ಮುಗಿದಿತ್ತು, ಹೊಸ ವರ್ಷ ಬಂದಿರಲಿಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷ ದಾಟಿ ಓಡಿತು. 'ಕಿರಿಕ್ ಪಾರ್ಟಿ' 2016ರ ಡಿಸೆಂಬರ್ 30. 'ಕಾಟೇರ' 2023ರ ಡಿಸೆಂಬರ್ 29. ಗಮನಿಸಿದಿರಾ? ಮೂರೂ ಕ್ರಿಸ್‌ಮಸ್ ನೂಕುನುಗ್ಗಲು ಕಳೆದ ಮೇಲಿನ ಶುಕ್ರವಾರ. 2023ರಲ್ಲಿ 21ಕ್ಕೆ 'ಡಂಕಿ', 22ಕ್ಕೆ 'ಸಲಾರ್' ಬಂದು ಕಚ್ಚಾಡಿಕೊಳ್ಳುತ್ತಿದ್ದವು. 'ಕಾಟೇರ' ಒಂದು ವಾರ ತಡೆದು ತನ್ನ ಪಾಡಿಗೆ ಬಂತು. ಇಷ್ಟೇ ತಾಳ್ಮೆ ಬೇಕಾಗಿರುವುದು, ಒಂದು ವಾರದ್ದು!

ಅದಿಲ್ಲವಲ್ಲ. 2021ರ ಆಯುಧ ಪೂಜೆ ನೆನಪಿದೆಯಾ? ಲಾಕ್‌ಡೌನ್ ಕಳೆದು ಥಿಯೇಟರ್‌ಗಳಿಗೆ ಆಗಷ್ಟೇ ಪೂರ್ತಿ ಜನ ಕೂರಿಸಲು ಅನುಮತಿ ಸಿಕ್ಕಿತ್ತು. ಖಾಲಿ ತಾರೀಖುಗಳು ಸಾಲುಸಾಲಾಗಿ ಬಿದ್ದಿದ್ದವು. 'ಸಲಗ'ವೂ ಅಕ್ಟೋಬರ್ 14ಕ್ಕೇ, 'ಕೋಟಿಗೊಬ್ಬ 3' ಕೂಡ 14ಕ್ಕೇ. ಕೊನೆಗೆ ಕೋಟಿಗೊಬ್ಬ ಆ ದಿನ ಬರಲೇ ಇಲ್ಲ. ಶೋ ರದ್ದಾಗಿ ಅಭಿಮಾನಿಗಳು ರೇಗಾಡಿದರು, ಮರುದಿನ ಬಂತು. 2024ರ ದೀಪಾವಳಿ ಇನ್ನೂ ಚೆಂದ. ಅಕ್ಟೋಬರ್ 31ಕ್ಕೆ ನಮ್ಮ 'ಬಘೀರ'. ಅದೇ ದಿನ ತಮಿಳಿನ 'ಅಮರನ್', ತೆಲುಗಿನ 'ಲಕ್ಕಿ ಭಾಸ್ಕರ್' ಮತ್ತು 'ಕ'. ಮರುದಿನ ಕನ್ನಡ ರಾಜ್ಯೋತ್ಸವ. ಆ ಶುಭ ಮುಹೂರ್ತಕ್ಕೆ ಹಿಂದಿಯ 'ಸಿಂಘಂ ಅಗೇನ್', 'ಭೂಲ್ ಭುಲಯ್ಯಾ 3' ಬಂದವು. ಬೇರೆ ರಾಜ್ಯದಲ್ಲಿ ಹಬ್ಬಕ್ಕೆ ಅವರ ಭಾಷೆಯವರು ಮುಖ್ಯವಾಗಿ ಅವರವರಲ್ಲೇ ಕಿತ್ತಾಡುತ್ತಾರೆ. ಬೆಂಗಳೂರಿನಲ್ಲಿ ಹಬ್ಬ ಅಂದರೆ ಐದು ಭಾಷೆಯವರೂ ಒಟ್ಟಿಗೆ ಬಂದು ನಮ್ಮ ಪರದೆ ಮೇಲೆ ಟವೆಲ್ ಹಾಕುತ್ತಾರೆ. ಇದು ಗೊತ್ತಿದ್ದೂ ನಮ್ಮವರು ಅದೇ ದಿನಕ್ಕೆ ಹೋಗಿ ತಲೆ ಕೊಡುತ್ತಾರೆ.

ಹಬ್ಬ ಇಲ್ಲದ ದಿನ ಏನು ಮಾಡುತ್ತಾರೆ? ಮಾರ್ಚ್‌ನಲ್ಲಿ ಪರೀಕ್ಷೆ ಬೇಡ, ಏಪ್ರಿಲ್ ಮೇನಲ್ಲಿ ಐಪಿಎಲ್ ಬೇಡ, ಜೂನ್‌ನಲ್ಲಿ ಶಾಲೆ ಶುರು ಬೇಡ, ಆಮೇಲೆ ಆಷಾಢ ಬೇಡ. ಉಳಿದದ್ದೇನು? ಗಂಟೆಗಟ್ಟಲೆ ಕಾದರೂ ಬಸ್ಸಿಲ್ಲದೆ, ಕೊನೆಗೆ ಒಂದೇ ನಂಬರಿನ ಮೂರು ಬಸ್ಸು ಒಂದರ ಹಿಂದೆ ಒಂದು ಬರುವ ಬಿಎಂಟಿಸಿ ಸ್ಟಾಪಿನ ಹಾಗಾಗಿದೆ ನಮ್ಮ ಪಾಡು. 2024ರ ಮೊದಲ ಅರ್ಧ ವರ್ಷ ನೋಡಿ. ಚುನಾವಣೆ, ಕ್ರಿಕೆಟ್ಟು ಅಂತ ದೊಡ್ಡವರು ಬಂದದ್ದೇ ಕಡಿಮೆ. ಊರ ಕಡೆ ಥಿಯೇಟರ್‌ನವರು ಕರೆಂಟ್ ಬಿಲ್ ಕಟ್ಟಲು ಒದ್ದಾಡಿದರು. ಆಗಸ್ಟ್ 9ಕ್ಕೆ 'ಭೀಮ' ಬಂದಾಗ ಉಸಿರು ಬಂತು. 15ಕ್ಕೆ ಗಣೇಶ್ ಅವರ 'ಕೃಷ್ಣಂ ಪ್ರಣಯ ಸಖಿ'. ಎರಡನ್ನೂ ಜನ ನೋಡಿದರು. ಎರಡರ ಮಧ್ಯೆ ಆರು ದಿನ ಇತ್ತು ಎಂಬುದು ಇವರಿಗೆ ಕಾಣುವುದಿಲ್ಲ. ಆಗಸ್ಟ್ 15ರ ರಜೆ ಮಾತ್ರ ಕಾಣುತ್ತದೆ.

ಇದರಲ್ಲಿ ನಿಜವಾಗಿ ಸಾಯುವುದು ಸಣ್ಣ ಸಿನಿಮಾ. ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ಬರುತ್ತವೆ. ಅದರಲ್ಲಿ ದೊಡ್ಡವು ಬೆರಳೆಣಿಕೆ. ಉಳಿದವಕ್ಕೆ ಬಾಯಿಮಾತೊಂದೇ ಗತಿ. ಬಾಯಿಮಾತಿಗೆ ಹತ್ತು ಹನ್ನೆರಡು ದಿನ ಬೇಕು. ಶುಕ್ರವಾರ ಒಬ್ಬ ನೋಡಿ, ಸೋಮವಾರ ಆಫೀಸಿನಲ್ಲಿ ಹೇಳಿ, ಕೇಳಿದವಳು ಮುಂದಿನ ಶನಿವಾರ ಹೋಗಬೇಕು. ಹಬ್ಬದ ಸಿನಿಮಾ ಗುರುವಾರವೇ ಬಂದು ಆ ಕೊಂಡಿಯನ್ನು ಕತ್ತರಿಸುತ್ತದೆ. ನಾನು ನಿನ್ನೆ ಹೋದದ್ದು ಹಾಗೆ ಕೇಳಿದವಳಾಗಿಯೇ. ಇನ್ನು ಅದನ್ನು ಒಟಿಟಿಯಲ್ಲಿ ನೋಡಬೇಕು, ಅಲ್ಲಿಗೆ ಬಂದರೆ.

ಅಂದ ಹಾಗೆ ಟಿಕೆಟ್ ದರ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ 200 ರೂಪಾಯಿ ಮಿತಿ ಹಾಕಿತು, 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಹಬ್ಬದ ವಾರ ಬಂದರೆ ದರ ಏರುತ್ತದೆ. 100 ರೂಪಾಯಿ ದಾಟಿದರೆ 18% ಜಿಎಸ್‌ಟಿ ಬೇರೆ. ಮೂರು ಜನ ಹೋಗಿ ಬಂದರೆ ಅರ್ಧ ತಿಂಗಳ ಹಾಲಿನ ದುಡ್ಡು. ಜನ ಬರುವುದಿಲ್ಲ ಅನ್ನುವವರು 2022ರ ಸೆಪ್ಟೆಂಬರ್ 23 ನೆನಪಿಸಿಕೊಳ್ಳಲಿ. ರಾಷ್ಟ್ರೀಯ ಸಿನಿಮಾ ದಿನ ಅಂತ ದೇಶದಲ್ಲೆಲ್ಲ 75 ರೂಪಾಯಿಗೆ ಟಿಕೆಟ್ ಕೊಟ್ಟರು. ಹಬ್ಬವಲ್ಲ, ರಜೆಯಲ್ಲ, ಬರೀ ಒಂದು ಶುಕ್ರವಾರ. ಹೊಸ ದೊಡ್ಡ ಸಿನಿಮಾ ಇತ್ತಾ ಅಂತ ಕೂಡ ಜನ ಕೇಳಲಿಲ್ಲ. ಬೆಳಗಿನ ಶೋಗಳೂ ತುಂಬಿದವು. ಅಪ್ಪ ಇದ್ದಿದ್ದರೆ ಮೀಸೆ ತಿರುವುತ್ತಿದ್ದರು.

ಹಬ್ಬದ ಗದ್ದಲ ನನಗೆ ಇಷ್ಟವಿಲ್ಲ ಅಂತಲ್ಲ. ಶಿಳ್ಳೆ, ಪೇಪರ್ ಚೂರು, ಹೀರೋ ಎಂಟ್ರಿಗೆ ಎದ್ದು ನಿಲ್ಲುವ ಪಡ್ಡೆಗಳು, ಎಲ್ಲ ಇಷ್ಟ. ಆದರೆ ನನಗೆ ಅತಿ ಇಷ್ಟವಾದ ಶೋ ಯಾವುದು ಗೊತ್ತಾ? ಬುಧವಾರ ಮಧ್ಯಾಹ್ನದ ಮ್ಯಾಟಿನಿ. ಆಫೀಸಿಗೆ ಹಲ್ಲುನೋವು ಅಂತ ಹೇಳಿ ಒಬ್ಬಳೇ ಹೋಗುತ್ತೇನೆ. (ನಮ್ಮ ಮ್ಯಾನೇಜರ್ ಫ್ರೆಂಡ್ ಲಿಸ್ಟ್‌ನಲ್ಲಿದ್ದಾರೆ. ಸರ್, ಇದು ತಮಾಷೆಗೆ ಬರೆದದ್ದು.) ಹಿಂದಿನ ಸಾಲಿನಲ್ಲಿ ಒಂದು ಕಾಲೇಜು ಜೋಡಿ, ಮುಂದೆ ರಿಟೈರ್ ಆದ ಮೇಷ್ಟ್ರ ಥರದವರೊಬ್ಬರು, ಮಧ್ಯೆ ನಾನು. ಹೀಗೆ ದಿನಾ ಹತ್ತಿಪ್ಪತ್ತು ಜನ ಬಂದು ಬಂದೇ ಸಿನಿಮಾ ಬದುಕುತ್ತಿದ್ದದ್ದು. ನಾಲ್ಕು ದಿನ ಜಾತ್ರೆ, ಆಮೇಲೆ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಥಿಯೇಟರ್ ನಡೆಸಲು ಯಾರಿಗೆ ಸಾಧ್ಯ?

ಬಿಟ್ಟುಕೊಡಲು ನಮ್ಮವರಿಗೆ ಬರುವುದಿಲ್ಲ ಅಂತಲೂ ಅಲ್ಲ. 2022ರ ಮಾರ್ಚ್ 17, ಅಪ್ಪು ಹುಟ್ಟುಹಬ್ಬಕ್ಕೆ 'ಜೇಮ್ಸ್' ಬಂದಾಗ ಬೇರೆ ಕನ್ನಡ ಸಿನಿಮಾಗಳು ಆ ವಾರ ದಾರಿ ಬಿಟ್ಟವು. ಯಾರೂ ಕೋರ್ಟಿಗೆ ಹೋಗಲಿಲ್ಲ, ಯಾರ ಮರ್ಯಾದೆಯೂ ಕಡಿಮೆಯಾಗಲಿಲ್ಲ. ಅದಕ್ಕೆ ಕಾರಣ ಬೇರೆ, ನೆನೆಸಿಕೊಂಡರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಮನಸ್ಸಿದ್ದರೆ ಕೂತು ಮಾತಾಡಿಕೊಳ್ಳಬಹುದು ಅಂತ ಗೊತ್ತಾಯಿತಲ್ಲ! ಚಲನಚಿತ್ರ ವಾಣಿಜ್ಯ ಮಂಡಳಿ ಇರುವುದು ಯಾಕೆ? ವರ್ಷಕ್ಕೊಮ್ಮೆ ದೊಡ್ಡ ಚಿತ್ರಗಳ ನಿರ್ಮಾಪಕರನ್ನು ಕೂರಿಸಿ, ಬೋಂಡಾ ಕಾಫಿ ಕೊಟ್ಟು, ಎರಡು ದೊಡ್ಡ ಸಿನಿಮಾಗಳ ಮಧ್ಯೆ ಕನಿಷ್ಠ ಎರಡು ವಾರ ಇರಲಿ ಅಂತ ಒಪ್ಪಿಸಿ. ಹೊಸ ಸಿನಿಮಾಗಳಿಗೆ ಮೊದಲ ಎರಡು ವಾರ ದಿನಕ್ಕೊಂದಾದರೂ ಫಸ್ಟ್ ಶೋ ಕಡ್ಡಾಯ ಮಾಡಿ. ರಾತ್ರಿ 10.35ರದ್ದಲ್ಲ, ಸಂಜೆ ಆರೂವರೆಯದು. ಆಮೇಲೆ ಬೇಕಿದ್ದರೆ ಹಬ್ಬಕ್ಕೂ ಬನ್ನಿ, ಹುಣ್ಣಿಮೆಗೂ ಬನ್ನಿ.

ಇಷ್ಟು ಓದಿದ ಮೇಲೂ "ಅಕ್ಕಾ ನೀವು ಯಾವ ಬಾಸ್ ಫ್ಯಾನು?" ಅಂತ ಕೇಳುವವರು ಬಂದೇ ಬರುತ್ತೀರಿ, ಗೊತ್ತು. ಕಾಮೆಂಟಿನಲ್ಲಿ ಕಿತ್ತಾಟ ಶುರು ಮಾಡಿದರೆ ಮುಲಾಜಿಲ್ಲದೆ ಅಳಿಸುತ್ತೇನೆ. ಅದರ ಬದಲು ಒಂದು ಉಪಕಾರ ಮಾಡಿ. ಈ ವಾರಾಂತ್ಯ ವಿಜಯನಗರ, ರಾಜಾಜಿನಗರ, ಮಾಗಡಿ ರೋಡ್ ಕಡೆ ಯಾವುದಾದರೂ ಸಣ್ಣ ಕನ್ನಡ ಸಿನಿಮಾಕ್ಕೆ ಸಂಜೆ ಶೋ ಉಳಿದಿದ್ದರೆ ಥಿಯೇಟರ್ ಹೆಸರು, ಟೈಮು ಹಾಕಿ. ಭಾನುವಾರ ಅಡುಗೆ ನಮ್ಮನೆಯವರದು, ಆಗಲೇ ಹೇಳಿಬಿಟ್ಟಿದ್ದೇನೆ.